ಅಪ್ಪನ ರಟ್ಟಿನ ಬೋರ್ಡು

ನಿನ್ನೆ ನಮ್ಮೂರಲ್ಲಿ ಪ್ರೈಡ್, ಅಂದರೆ ಸಲಿಂಗಿಗಳೂ ಅವರ ಪರ ಇರುವವರೂ ಹೆಮ್ಮೆಯಿಂದ ನಡೆಯುವ ಮೆರವಣಿಗೆ. ಓಹಾಯೋದ ಪುಟ್ಟ ಊರು ಇದು. ಕೋರ್ಟಿನ ಸುತ್ತ ಒಂದು ಸುತ್ತು ಹಾಕಿದರೆ ಮುಗೀತು. ಮೂಲೆಯಲ್ಲಿ ಅರವತ್ತು ದಾಟಿದ ರೈತರೊಬ್ಬರು ರಟ್ಟಿನ ಬೋರ್ಡು ಹಿಡಿದು ನಿಂತಿದ್ದರು. ಮಗಳ ಬಗ್ಗೆ ಹೆಮ್ಮೆ ಅಂತ ಬರೆದಿದ್ದರು. ದೊಡ್ಡದಾಗಿ ಶುರುವಾದ ಅಕ್ಷರಗಳು ಜಾಗ ಸಾಲದೆ ಕೊನೆಗೆ ಒತ್ತಿಕೊಂಡು ಕೂತಿದ್ದವು. ಮಗಳೆಲ್ಲಿ ಅಂತ ಕೇಳಿದೆ. ಅವಳು ಷಿಕಾಗೋದಲ್ಲಿದ್ದಾಳಂತೆ. "ಇಲ್ಲಿನ ಮಕ್ಕಳು ನೋಡಲಿ ಅಂತ ಬಂದೆ" ಅಂದರು. ನನಗೆ ಮಾತೇ ಹೊರಡಲಿಲ್ಲ.

ಜೀನ್ ಮ್ಯಾನ್‌ಫರ್ಡ್ ನೆನಪಾದರು. ಶಾಲೆಯ ಟೀಚರ್. 1972ರ ಜೂನ್‌ನಲ್ಲಿ ನ್ಯೂಯಾರ್ಕಿನ ಮೆರವಣಿಗೆಯಲ್ಲಿ ಸಲಿಂಗಿ ಮಗನ ಜೊತೆ ಇಂಥದ್ದೇ ಬೋರ್ಡು ಹಿಡಿದು ನಡೆದಿದ್ದರು. ಮರುವರ್ಷ ಒಂದು ಚರ್ಚಿನಲ್ಲಿ ಸುಮಾರು 20 ಜನ ಸೇರಿದರು; ಇಂಥ ಮಕ್ಕಳ ಅಪ್ಪ ಅಮ್ಮಂದಿರ ಸಂಘಟನೆ ಪಿಎಫ್‌ಲ್ಯಾಗ್ ಬೆಳೆದದ್ದು ಅಲ್ಲಿಂದ. ನಮ್ಮ ಭಾರತದಲ್ಲೂ 2023ರಲ್ಲಿ, ಇಂಥ ತಮ್ಮ ಮಕ್ಕಳಿಗೂ ಮದುವೆಯ ಹಕ್ಕು ಕೊಡಿ ಅಂತ 400ಕ್ಕೂ ಹೆಚ್ಚು ಅಪ್ಪ ಅಮ್ಮಂದಿರು ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದರು. ತೀರ್ಪು ಅವರು ಕೇಳಿದಂತೆ ಬರಲಿಲ್ಲ. ಆದರೂ ಆ ಪತ್ರ ನನಗೆ ದೊಡ್ಡದು.

ತಿಪಟೂರಿನ ಅಮ್ಮನಿಗೆ ನನ್ನ ವಿಷಯ ಹೇಳಿ ಎರಡು ವರ್ಷವಾಯ್ತು. ಆಮೇಲೆ ಅವಳು ಆ ಮಾತೇ ಎತ್ತಿರಲಿಲ್ಲ. ರಾತ್ರಿ ಧೈರ್ಯ ಮಾಡಿ ಆ ರೈತರ ವಿಷಯವೆಲ್ಲ ಬರೆದು ಕಳಿಸಿದೆ. ಬೆಳಿಗ್ಗೆ ಫೋನ್ ಬಂತು.

"ಪಾಪ, ಬಿಸಿಲಲ್ಲಿ ಎಷ್ಟೊತ್ತು ನಿಂತಿದ್ರೋ. ಕುಡಿಯೋಕೆ ನೀರು ಕೊಟ್ಯೇನೋ?" ಆಮೇಲೆ, ಸ್ವಲ್ಪ ಸುಮ್ಮನಿದ್ದು, "ಮುಂದಿನ ವರ್ಷ ಯಾವ ತಿಂಗಳಲ್ಲಿ ಇದು?"