ಬಿಟ್ಟು ಬಂದೆ

2024ರ ಡಿಸೆಂಬರ್ 14, ಎರಡನೇ ಶನಿವಾರ. ಕೋರ್ಟಿಗೆ ರಜೆ. ಹಾಸನದ ಒಬ್ಬ ವಕೀಲೆಯ ಆಫೀಸಿನಲ್ಲಿ ನಾನು ಮತ್ತು ನನ್ನ ಅಕ್ಕನ ಮಗಳು ಕೂತಿದ್ದೆವು. ಅವಳನ್ನು ಮನೆಯಲ್ಲಿ ಪುಟ್ಟಿ ಅಂತ ಕರೆಯುತ್ತೇವೆ, ಇಲ್ಲೂ ಹಾಗೇ ಕರೆಯುತ್ತೇನೆ. ನನ್ನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು. ಅದರಲ್ಲಿ ಲಗ್ನಪತ್ರಿಕೆ, ಛತ್ರದ ರಸೀದಿ, ನಾಲ್ಕು ಫೋಟೊ, ಒಂದು ಜೆರಾಕ್ಸ್.

ಜೆರಾಕ್ಸ್ ಅಂದರೆ ಪುಟ್ಟಿಯ ಗಂಡನ ಮೊದಲ ಮದುವೆಯ ವಿಚ್ಛೇದನಕ್ಕೆ ಕೋರ್ಟು ಕೊಟ್ಟ ಡಿಕ್ರಿ. ಆಗಸ್ಟ್‌ನಲ್ಲಿ, ರೇಷನ್ ಕಾರ್ಡಿಗೆ ಹೆಸರು ಸೇರಿಸಲು ಅವನ ಆಧಾರ್ ಹುಡುಕುವಾಗ ಬೀರುವಿನ ಫೈಲಿನಲ್ಲಿ ಪುಟ್ಟಿಗೆ ಸಿಕ್ಕಿತ್ತು. ಮದುವೆ ಆಗಿ ಆಗಲೇ ಆರು ತಿಂಗಳು. ಅವನಿಗೆ ಇದಕ್ಕೂ ಮೊದಲು ಮದುವೆಯಾಗಿತ್ತು ಅಂತ ನಮಗೆ ಯಾರೂ ಹೇಳಿರಲಿಲ್ಲ. ಅವಳು ಅವತ್ತೇ ಬ್ಯಾಗು ತಗೊಂಡು ಚನ್ನರಾಯಪಟ್ಟಣಕ್ಕೆ ಬಂದುಬಿಟ್ಟಳು.

ಸಂಬಂಧ ತಂದವನು ನಾನೇ. ಭಾವ ತೀರಿಕೊಂಡ ಮೇಲೆ ಆ ಮನೆಯ ದೊಡ್ಡ ಕೆಲಸಗಳೆಲ್ಲ ನನ್ನ ತಲೆಗೆ. ಮಾತುಕತೆಯ ದಿನ ಹುಡುಗನ ಕಡೆಯವರು ಏನೋ ಹೇಳಲು ಹೋಗಿ ತಡವರಿಸಿದಾಗ, "ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ, ಬಿಡಿ ಸ್ವಾಮಿ" ಅಂತ ನಕ್ಕವನೂ ನಾನೇ. ಆಗ ತಿಂಡಿ ತಿನ್ನುತ್ತಿದ್ದೆ. ಅವರು ಏನು ಹೇಳಲು ಹೊರಟಿದ್ದರೋ ಏನೋ.

ಮೇಡಂ ಡಿಕ್ರಿಯ ತಾರೀಖನ್ನೇ ಮೊದಲು ನೋಡಿದರು. ಆಮೇಲೆ ಲಗ್ನಪತ್ರಿಕೆಯ ತಾರೀಖು. "ಇದು ಹಿಂದೆಮುಂದೆ ಆಗಿದ್ದರೆ ಕಥೆಯೇ ಬೇರೆ" ಅಂದರು. ಮೊದಲ ಹೆಂಡತಿಯ ಜೊತೆಗಿನ ಮದುವೆ ಇನ್ನೂ ಜೀವಂತ ಇದ್ದು ಪುಟ್ಟಿಯ ಕೊರಳಿಗೆ ತಾಳಿ ಕಟ್ಟಿದ್ದರೆ, 1955ರ ಹಿಂದೂ ವಿವಾಹ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅದು ಮದುವೆಯೇ ಅಲ್ಲ. ಶುರುವಿನಿಂದಲೇ ಅನೂರ್ಜಿತ. ಹತ್ತಿರದ ರಕ್ತಸಂಬಂಧದಲ್ಲಿ ಆದರೂ ಹಾಗೇ.

"ಸೋದರಮಾವನನ್ನ ಮದುವೆ ಆಗೋದೂ ಆ ಪಟ್ಟಿಯಲ್ಲಿ ಇದೆ ಮೇಷ್ಟ್ರೇ. ನಿಮ್ಮ ಜನರಲ್ಲಿ ಪದ್ಧತಿ ಇದ್ದರೆ ಮಾತ್ರ ನಡೆಯುತ್ತೆ" ಅಂತ ನಕ್ಕರು. ನಮ್ಮಮ್ಮ ತನ್ನ ಸೋದರಮಾವನನ್ನೇ ಮದುವೆಯಾದವಳು. ನಾನು ಇರೋದೇ ಪದ್ಧತಿಯ ಕೃಪೆಯಿಂದ ಅಂತ ಆವತ್ತು ತಿಳಿಯಿತು.

ನಮ್ಮದು 12ನೇ ಸೆಕ್ಷನ್. ಅಲ್ಲಿ ಮದುವೆ ಊರ್ಜಿತವೇ, ಆದರೆ ಮೋಸ ಹೋದವರು ಕೇಳಿದರೆ ಕೋರ್ಟು ರದ್ದು ಮಾಡಬಹುದು. ಗಂಡ ಅಥವಾ ಹೆಂಡತಿಯ ನಪುಂಸಕತ್ವದಿಂದ ದಾಂಪತ್ಯ ನಡೆದೇ ಇಲ್ಲದಿದ್ದರೆ, ಮದುವೆಯ ಹೊತ್ತಿಗೆ ತೀವ್ರ ಮನೋರೋಗ ಇದ್ದರೆ, ಹೆದರಿಸಿ ಬೆದರಿಸಿ ಒಪ್ಪಿಸಿದ್ದರೆ, ಮೋಸ ಮಾಡಿದ್ದರೆ, ಹುಡುಗಿ ಬೇರೆಯವನಿಂದ ಆಗಲೇ ಬಸುರಿಯಾಗಿದ್ದು ಹುಡುಗನಿಗೆ ಗೊತ್ತಿಲ್ಲದಿದ್ದರೆ. ನಮ್ಮದು ಮೋಸದ ಲೆಕ್ಕ. 1976ರಲ್ಲಿ ತಿದ್ದುಪಡಿ ಮಾಡಿ, ಆ ವ್ಯಕ್ತಿಯ ಬಗ್ಗೆ ಮುಖ್ಯವಾದ ಸಂಗತಿಯಲ್ಲಿ ಮೋಸ ಮಾಡಿದರೂ ಸಾಕು ಅಂತ ಬರೆದಿದ್ದಾರಂತೆ. ಆಗಿ ಮುರಿದ ಮದುವೆಯನ್ನು ಮುಚ್ಚಿಡೋದು ಸಣ್ಣ ಸಂಗತಿ ಅಲ್ಲ. ಹಾಗಂತ ಪ್ರತಿ ಸುಳ್ಳಿಗೂ ಮದುವೆ ರದ್ದಾಗಲ್ಲ, ಹಾಗೆ ಆಗೋ ಹಾಗಿದ್ದರೆ ಊರಲ್ಲಿ ಎಷ್ಟು ಮದುವೆ ಉಳಿದಾವು ಅಂದರು. ನಾನು ತಲೆ ತಗ್ಗಿಸಿದೆ.

ನಾನೂ ಸುಮ್ನಿರದೆ, ನಮ್ಮ ನೆಂಟರಲ್ಲೊಬ್ಬರು ಮೂರ್ಛೆರೋಗ ಮುಚ್ಚಿಟ್ಟದ್ದಕ್ಕೆ ಮದುವೆ ಮುರಿಯಲು ಓಡಾಡಿದ್ದನ್ನು ಹೇಳಿದೆ. ಆ ಪದವನ್ನು 1999ರಲ್ಲೇ ಕಾಯ್ದೆಯಿಂದ ತೆಗೆದಿದ್ದಾರೆ ಅಂತ ಗೊತ್ತಾಯಿತು. ನಮ್ಮ ಕಟ್ಟೆ ಪಂಚಾಯಿತಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಕಟ್ಟೆಯವರ ಸಲಹೆ ಒಂದಾ ಎರಡಾ. ಇಬ್ಬರೂ ಸ್ಟಾಂಪ್ ಪೇಪರಿಗೆ ಸಹಿ ಹಾಕಿ ಬಿಡುಗಡೆ ಪತ್ರ ಮಾಡಿಕೊಳ್ಳಿ ಅಂದವರಿದ್ದರು. ಸಮುದಾಯದಲ್ಲಿ ಅಂಥ ರೂಢಿ ಇದೆ ಅಂತ ಸಾಬೀತು ಮಾಡದಿದ್ದರೆ ಆ ಪತ್ರಕ್ಕೆ ಕವಡೆ ಕಿಮ್ಮತ್ತಿಲ್ಲ. ಇನ್ನೊಬ್ಬರು, "ಫೆಬ್ರವರಿವರೆಗೆ ಸುಮ್ನಿರಿ, ವರ್ಷ ತುಂಬಲಿ, ಆಮೇಲೆ ಡೈವೋರ್ಸ್ ಹಾಕಿ" ಅಂದಿದ್ದರು. ಅದರಲ್ಲಿ ಅರ್ಧ ನಿಜ. ತೀರಾ ಕಷ್ಟದ ಸಂದರ್ಭ ಬಿಟ್ಟರೆ, ಮದುವೆಯಾದ ಒಂದು ವರ್ಷದೊಳಗೆ ವಿಚ್ಛೇದನಕ್ಕೆ ಅರ್ಜಿ ಹಾಕೋ ಹಾಗಿಲ್ಲ. ರದ್ದತಿಗೆ ಅಂಥ ಕಾಯುವಿಕೆ ಇಲ್ಲ. ಬದಲಿಗೆ ಮೋಸ ಗೊತ್ತಾದ ಒಂದು ವರ್ಷದೊಳಗೆ ಹಾಕಲೇಬೇಕು. ವಿಚ್ಛೇದನದಲ್ಲಿ ಕಾಯಬೇಕು, ಇಲ್ಲಿ ಕಾಯಬಾರದು. ನಾವು ಆಗಲೇ ನಾಲ್ಕು ತಿಂಗಳು ಕೂತು ಕಳೆದಿದ್ದೆವು.

ಪುಟ್ಟಿ ಅಲ್ಲಿವರೆಗೆ ಒಂದೇ ಮಾತು ಕೇಳಿದ್ದು. "ರದ್ದಾದರೆ ನಾನು ಡೈವೋರ್ಸಿ ಅಲ್ಲ ಅಲ್ವಾ ಮೇಡಂ?" ಅಲ್ಲ ಅಂದರು. ಅವಳಿಗೆ ಜೀವನಾಂಶ ಬೇಡ. ಅದಕ್ಕೂ ದಾರಿ ಇದೆ ಅಂತ ಮೇಡಂ ಹೇಳಿದರೂ ಕೇಳಿಸಿಕೊಳ್ಳಲಿಲ್ಲ. ತವರಿನಿಂದ ಹಾಕಿದ ಒಡವೆ ವಾಪಸ್ ಬಂದರೆ ಸಾಕು ಅಂದಳು.

ಆಮೇಲೆ ಮೇಡಂ ಪೆನ್ನು ಕೆಳಗಿಟ್ಟರು. "ಈ ಕಾಗದ ಸಿಕ್ಕಿದ ಮೇಲೆ ಅವನ ಜೊತೆ ಮತ್ತೆ ಇದ್ದೆಯಾ ಮಗಳೇ?"

ಪುಟ್ಟಿ ನನ್ನ ಮುಖ ನೋಡಲಿಲ್ಲ. "ಹನ್ನೊಂದು ದಿನ" ಅಂದಳು.

ಆ ಹನ್ನೊಂದು ದಿನ ನನ್ನ ಕೆಲಸ. ಮೊದಲ ವರ್ಷದ ಗೌರಿ ಹಬ್ಬ, ಬಾಗಿನ ಕೊಟ್ಟಾಯಿತು, ಹುಡುಗಿ ಯಾಕೆ ಇನ್ನೂ ಇಲ್ಲೇ ಇದ್ದಾಳೆ ಅಂತ ಬೀದಿಯಲ್ಲಿ ಮಾತು ಶುರುವಾಗಿತ್ತು. "ಆದದ್ದು ಆಗಿಹೋಯಿತು, ಸ್ವಲ್ಪ ದಿನ ಹೊಂದಿಕೊಂಡು ನೋಡು" ಅಂದೆ. ಗಣೇಶನನ್ನು ಬಿಟ್ಟ ಮಾರನೇ ದಿನ ಬೆಂಗಳೂರು ಬಸ್ಸು ಹತ್ತಿಸಿ ನಾನೇ ಕರೆದುಕೊಂಡು ಹೋದೆ. ಹಿರಿಯನಾಗಿ ನನ್ನ ಕರ್ತವ್ಯ ಅಂದುಕೊಂಡಿದ್ದೆ. ನಮ್ಮ ಕಡೆ ಯಾವ ಹಿರಿಯನೂ ಇದನ್ನೇ ಹೇಳುತ್ತಾನೆ.

ಕಾನೂನಿನಲ್ಲಿ ಅದೇ ಬಾಗಿಲು ಮುಚ್ಚುವ ಮಾತು. ಮೋಸ ಗೊತ್ತಾದ ಮೇಲೂ ಪೂರ್ತಿ ಒಪ್ಪಿಗೆಯಿಂದ ಗಂಡ ಹೆಂಡತಿಯಾಗಿ ಬಾಳಿದರೆ ಅರ್ಜಿಯನ್ನು ಕೋರ್ಟು ತಗೊಳ್ಳೋದೇ ಇಲ್ಲ. "ಎದುರು ಪಾರ್ಟಿ ಹಿಡಿಯೋದೇ ಇದನ್ನ" ಅಂದರು ಮೇಡಂ. "ಅತ್ತೆ ಕೋಣೆಯಲ್ಲಿ ಮಲಗುತ್ತಿದ್ದೆ" ಅಂತ ಪುಟ್ಟಿ ಮೆಲ್ಲಗೆ ಹೇಳಿದಳು. ಅದನ್ನು ಬರೆದುಕೊಂಡರು. ಹನ್ನೆರಡನೇ ದಿನ ಅವಳು ಒಬ್ಬಳೇ ಬಸ್ಸು ಹತ್ತಿ ಬಂದಿದ್ದಳು. ಅದನ್ನೂ ಬರೆದುಕೊಂಡರು. "ಪೂರ್ತಿ ಒಪ್ಪಿಗೆ ಇತ್ತಾ ಅನ್ನೋದೇ ಪ್ರಶ್ನೆ. ಒಪ್ಪಿಗೆ ಇರಲಿಲ್ಲ ಅನ್ನೋಕೆ ಏನಾದರೂ ಇದೆಯಾ?"

ಮೂವತ್ತೆರಡು ವರ್ಷ ಮೇಷ್ಟ್ರಾಗಿದ್ದವನು ನಾನು. ಖರ್ಚು ಬರೆಯುವ ಡೈರಿ ಯಾವಾಗಲೂ ಕೈಚೀಲದಲ್ಲಿ ಇರುತ್ತದೆ. ತೆಗೆದೆ. ಸೆಪ್ಟೆಂಬರ್ 9, ಸೋಮವಾರ. ಓದಿ ಅಂದರು ಮೇಡಂ. ಮಕ್ಕಳಿಗೆ ಪಾಠ ಓದಿದವನಿಗೆ ನಾಲ್ಕು ಸಾಲು ಓದಲು ನಾಲಿಗೆ ಏಳಲಿಲ್ಲ.

"ಪುಟ್ಟಿ ಬೇಡ ಅಂತ ಅತ್ತಳು. ಬೈದು ಹೊರಡಿಸಿದೆ. ಬಸ್ ಚಾರ್ಜು ನನ್ನೊಬ್ಬನದು. ಬಿಟ್ಟು ಬಂದೆ."

ಪುಟದ ನಡುವೆ ಅವಳ ಟಿಕೆಟ್ಟೂ ಇತ್ತು. ಶಕ್ತಿ ಯೋಜನೆಯ ಸೊನ್ನೆ ಟಿಕೆಟ್ಟು. ಲೆಕ್ಕಕ್ಕೆ ಬಾರದ್ದನ್ನೂ ಯಾಕೆ ಎತ್ತಿಟ್ಟಿದ್ದೆನೋ.

ಮೇಡಂ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ನೀವು ಸಾಕ್ಷಿ ಹೇಳಬೇಕಾಗುತ್ತೆ ಮೇಷ್ಟ್ರೇ. ಪಾಟೀ ಸವಾಲಿನಲ್ಲಿ ಬಿಡಲ್ಲ ಅವರು. ಸಂಬಂಧ ತಂದವರು ನೀವೇ, ವಾಪಸ್ ಬಿಟ್ಟವರೂ ನೀವೇ, ಈಗ ಬಂದು ಬೇಡ ಅಂತೀರಾ ಅಂತ ಕೇಳ್ತಾರೆ."

"ಕೇಳಲಿ" ಅಂದೆ.

ಹೊರಗೆ ಬಂದು ಕಾಫಿ ಕುಡಿದೆವು. ಪುಟ್ಟಿ ಡೈರಿಯನ್ನು ನನ್ನ ಕೈಯಿಂದ ತಗೊಂಡು ಆ ಪುಟವನ್ನು ಇನ್ನೊಂದು ಸಲ ಓದಿದಳು. "ಬೈದು ಅಂತ ಬರೆದಿದ್ದೀರಿ ಮಾವ" ಅಂದಳು. "ನೀವು ಬೈಯಲಿಲ್ಲ. ಕೈ ಮುಗಿದಿರಿ."