ಇಬ್ಬರು ದೊಡ್ಡವರು ಓದುವ ಮಕ್ಕಳ ಪದ್ಯ

ಮಕ್ಕಳ ಪದ್ಯಗಳನ್ನು ಮನಸ್ಸಿನಲ್ಲೇ ಓದಿಕೊಂಡರೆ ಅವುಗಳಲ್ಲಿ ಹೆಚ್ಚೇನೂ ಇಲ್ಲವೆನ್ನಿಸುವುದು ಸಹಜ; ಎದುರಿಗೆ ಇನ್ನೊಬ್ಬರನ್ನು ಕೂರಿಸಿಕೊಂಡು ಬಾಯಿಬಿಟ್ಟು ಓದಿದಾಗಲೇ ಅವಕ್ಕೆ ಜೀವ ಬರುತ್ತದೆ ಎಂಬುದು ನನ್ನ ಅಭಿಪ್ರಾಯ. ಮಡಿಕೇರಿಯ ಮಳೆಗಾಲದಲ್ಲಿ ಸಂಜೆ ಕರೆಂಟು ಹೋಗುವುದು ಹೊಸದಲ್ಲ. ಅಂಥ ಸಂಜೆಗಳಲ್ಲಿ, ಊರು ಬಿಟ್ಟು ಹೋಗಿರುವ ಮಕ್ಕಳ ಹಳೆಯ ಪುಸ್ತಕಗಳನ್ನು ತೆಗೆದು ನಾನೂ ನಮ್ಮ ಯಜಮಾನರೂ ಸರದಿಯಂತೆ ಓದುತ್ತೇವೆ. ಹೆಂಚಿನ ಮೇಲೆ ಮಳೆ ಸುರಿಯುವಾಗ ದನಿ ಏರಿಸಲೇಬೇಕಾದ್ದರಿಂದ ಸಂಕೋಚವೂ ತಾನಾಗಿಯೇ ಬಿಟ್ಟುಹೋಗುತ್ತದೆ.

ಇದೇ ಊರಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಪಂಜೆ ಮಂಗೇಶರಾಯರಿಂದಲೇ (1874–1937) ಆರಂಭಿಸುವುದು ನಮ್ಮ ವಾಡಿಕೆ. ಕೊಡಗಿನವರಿಗೆ ಅವರೆಂದರೆ ಮೊದಲು ನೆನಪಾಗುವುದು 'ಹುತ್ತರಿ ಹಾಡು'. ಗಟ್ಟಿಯಾಗಿ ಓದುವುದಕ್ಕೆ ಮಾತ್ರ ನನಗೆ ಅವರ ನಾಗರಹಾವಿನ ಪದ್ಯವೇ ಹೆಚ್ಚು ಇಷ್ಟ. ಕೈಮುಗಿದು, ಹಾಲು ಕೊಡುತ್ತೇನೆಂದು 'ಬಾ ಬಾ' ಎಂದು ಕರೆದ ದನಿಯೇ ಕೊನೆಗೆ 'ಪೋ ಪೋ' ಎಂದು ಹಾವನ್ನು ಕಳಿಸಿಬಿಡುತ್ತದೆ. ನಡುವೆ ಭಕ್ತಿ ಎಲ್ಲಿ ಮುಗಿದು ಭಯ ಎಲ್ಲಿ ಶುರುವಾಯಿತೆಂಬುದನ್ನು ಓದುವವರೇ ತೀರ್ಮಾನಿಸಬೇಕು. ಯಜಮಾನರು ಅಂಗಳಕ್ಕೆ ನುಗ್ಗಿದ ದನವನ್ನು ಅಟ್ಟುವಂತೆ 'ಪೋ' ಎನ್ನುತ್ತಾರೆ. ನಾನಾದರೋ ಒಂದೊಂದು 'ಪೋ'ವನ್ನೂ ಹಿಂದಿನದಕ್ಕಿಂತ ಮೆಲ್ಲಗೆ ಹೇಳುತ್ತೇನೆ. ಹಾವಿಗೆ ಸಿಟ್ಟು ಬರಬಾರದಲ್ಲ! ಕ್ಯಾಸೆಟ್ಟಿನ ರಾಗಗಳನ್ನು ನಾವು ಹತ್ತಿರ ಸೇರಿಸುವುದಿಲ್ಲ. ರಾಗ ಹಿಡಿದರೆ ಇಂಥ ವ್ಯತ್ಯಾಸಗಳೆಲ್ಲ ಅದರಡಿ ಮುಚ್ಚಿಹೋಗುತ್ತವೆ.

ರಾಜರತ್ನಂ ಅವರ 'ತುತ್ತೂರಿ'ಯಲ್ಲಿ ಹುಡುಗ ಸರಿಗಮ ಊದುವ ಸಾಲು ಯಜಮಾನರದು, ಅದನ್ನೇ ತಿರುಗಿಸಿ ಊದುವ ಸಾಲು ನನ್ನದು.

ಇಬ್ಬರಿಗೂ ಕೈತುಂಬ ಕೆಲಸ ಕೊಡುವುದು ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'. ಬ್ರೌನಿಂಗ್ ಕವಿಯ ಇಂಗ್ಲಿಷ್ ಕವನವನ್ನು ಆಧರಿಸಿದ್ದರೂ ಜರ್ಮನಿಯ ಹ್ಯಾಮೆಲಿನ್ ಪಟ್ಟಣ ಇಲ್ಲಿ ತುಂಗಾತೀರದ ಹಳ್ಳಿಯಾಗಿದೆ, ಇಲಿಗಳಿಗೂ ನಮ್ಮ ನೆಂಟಸ್ತಿಕೆ ಅಂಟಿಕೊಂಡಿದೆ. ಅಣ್ಣಿಲಿ, ತಮ್ಮಿಲಿ, ಮಾವಿಲಿ, ಭಾವಿಲಿ ಎಂದು ಅವು ಓಡಿಬರುವಾಗ ಒಂದೊಂದು ಹೆಸರಿಗೂ ಸರಿಯಾಗಿ ನಾಲ್ಕು ಮಾತ್ರೆ. ಒಂದು ಇಲಿ ಅವರದು, ಮುಂದಿನದು ನನ್ನದು. ಯಾರೊಬ್ಬರು ತಡವರಿಸಿದರೂ ಇಡೀ ದಂಡು ಅಲ್ಲೇ ನಿಲ್ಲುತ್ತದೆ. ಕೊಟ್ಟ ಮಾತಿಗೆ ತಪ್ಪುವ ಗೌಡನ ಪಾತ್ರ ಖಾಯಮ್ಮಾಗಿ ಯಜಮಾನರಿಗೆ ಸೇರಿದ್ದು, ಅದರಲ್ಲಿ ತಕರಾರಿಲ್ಲ. ಆದರೆ ಮಕ್ಕಳೆಲ್ಲ ಜೋಗಿಯ ಹಿಂದೆ ಹೋದ ಮೇಲೆ ಉಳಿದುಬಿಡುವ ಕುಂಟ ಹುಡುಗನ ಭಾಗವನ್ನು ಓದಲು ಇಬ್ಬರಿಗೂ ಆಸೆ. ಆದ್ದರಿಂದ ಇಲಿಗಳ ಸಾಲಿನಲ್ಲಿ ತಾಳ ತಪ್ಪಿದವರು ಅದನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬೇಕೆಂದು ಒಪ್ಪಂದ ಮಾಡಿಕೊಂಡಿದ್ದೇವೆ.