ಇಬ್ಬರದು ಸರ್

ಮಂಗಳವಾರದಿಂದ ಅದೇ ಮಾತು ತಲೆಯಲ್ಲಿ ಓಡುತ್ತಿದೆ. ಬಸ್ಸಿನಲ್ಲಿ ಕೂತರೂ ಅದೇ, ರಾತ್ರಿ ಲೈಟ್ ಆರಿಸಿದ ಮೇಲೂ ಅದೇ.

“ಈ ಪ್ರಿಂಟ್ ತೆಗೆದವರು ಯಾರು?”

“ಇಂಕ್ ಹಾಕಿದ್ದು ಅಣ್ಣ ಸರ್. ಸ್ಪಂಜ್ ನಾನು ಹಿಡಿದಿದ್ದೆ.”

“ಹಾಗಾದರೆ ಇದು ಯಾರ ಕೆಲಸ?”

“ಇಬ್ಬರದು ಸರ್.”

ಕೇಳಿದವರು ಹೊರಗಿನಿಂದ ಬಂದ ಪರೀಕ್ಷಕರು. ಉತ್ತರ ಕೊಟ್ಟವಳು ನನ್ನ ಸೀನಿಯರ್, ಹಾವೇರಿ ಕಡೆಯ ಅಕ್ಕ. ಎಂ.ವಿ.ಎ. ಅಂದರೆ ದೃಶ್ಯಕಲೆಯ ಸ್ನಾತಕೋತ್ತರ ಪದವಿ. ಅದರ ಕೊನೆಯ ಸೆಮಿಸ್ಟರಿನ ಜ್ಯೂರಿ, ಗೋಡೆಗೆ ಹಾಕಿದ ಕೆಲಸ ನೋಡಿ ಮಾರ್ಕ್ಸ್ ಕೊಡುವ ಪರೀಕ್ಷೆ. ನಾನು ಮೊದಲ ವರ್ಷದವಳು. ಫ್ರೇಮ್ ನೇತುಹಾಕಲು ಕೈಜೋಡಿಸಿದ್ದೆ, ಮೊಳೆ ಡಬ್ಬಿ ಹಿಡಿದು ಮೂಲೆಯಲ್ಲಿ ನಿಂತಿದ್ದೆ. ಅಣ್ಣ ಬಾಗಿಲ ಹತ್ತಿರವೇ ಇದ್ದರು. ನಮ್ಮ ಪ್ರಿಂಟ್‌ಮೇಕಿಂಗ್ (ಅಚ್ಚುಚಿತ್ರ) ಸ್ಟುಡಿಯೋದಲ್ಲಿ ಅವರ ಹುದ್ದೆ ಅಟೆಂಡರ್. ಬೀಗ ತೆಗೆಯುವುದು, ಕಸ ಗುಡಿಸುವುದು, ಆಸಿಡ್ ಅಳೆದು ಕೊಡುವುದು ಎಲ್ಲಾ ಅವರೇ. ಪ್ರೆಸ್ ಮುಂದೆ ನಿಂತರೆ ಮಾತ್ರ ನಮ್ಮ ಮೇಷ್ಟ್ರುಗಳೂ ಅವರ ಮಾತು ಕೇಳುತ್ತಾರೆ.

ಪರೀಕ್ಷಕರು ಅಕ್ಕನ ಉತ್ತರಕ್ಕೆ ಏನೂ ಹೇಳಲಿಲ್ಲ. ಕೈಯಲ್ಲಿದ್ದ ಹಾಳೆಯ ಮೇಲೆ ಏನೋ ಬರೆದುಕೊಂಡರು. “ಮುಂದೆ ಹೋಗೋಣ” ಅಂದರು. ಅಷ್ಟು ಹೊತ್ತು ಚಿತ್ರಕ್ಕೆ ಮೂಗು ತಾಗಿಸಿಕೊಂಡು ನೋಡಿದವರು, ಆಮೇಲೆ ಅದರ ಕಡೆ ತಿರುಗಲಿಲ್ಲ.

ಅಕ್ಕನ ಗೈಡ್ ಪಕ್ಕದಲ್ಲೇ ಇದ್ದರು. ಬಾಯಿ ಬಿಡಲಿಲ್ಲ. ನನಗೆ ಪರೀಕ್ಷಕರ ಪ್ರಶ್ನೆಗಿಂತ ಇದೇ ಜಾಸ್ತಿ ನೋವು ಕೊಟ್ಟಿತು. ಆ ಚಿತ್ರ ಕಲ್ಲಿನ ಮೇಲೆ ಬರೆದು ಅಚ್ಚು ತೆಗೆದದ್ದು, ಕಲ್ಲಚ್ಚು. “ದೊಡ್ಡ ಕಲ್ಲು ತಗೋ, ಅಣ್ಣ ಇದ್ದಾರಲ್ಲ” ಅಂತ ಅವಳಿಗೆ ಹೇಳಿದ್ದು ಅವರೇ. ಒಂದು ಮಾತು, ಒಂದೇ ಒಂದು ಮಾತು ಆಡಬಹುದಿತ್ತು.

ಚಿತ್ರ ಯಾವುದು ಅಂತ ಹೇಳಬೇಕು. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ರಾಶಿ ಮುಂದೆ ಸಾಲಾಗಿ ಕೂತು ತೊಟ್ಟು ಬಿಡಿಸುವ ಹೆಂಗಸರು. ನಡುವೆ ಕೂತವರು ಅಕ್ಕನ ಅವ್ವ. ಪೂರ್ತಿ ಕಪ್ಪು-ಬಿಳುಪು, ಕೆಂಪು ಒಂದು ಚುಕ್ಕಿಯೂ ಇಲ್ಲ. ಆದರೂ ನೋಡಿದ ಕೂಡಲೇ ಬ್ಯಾಡಗಿ ಕಾಯಿ ಅಂತ ಗೊತ್ತಾಗುತ್ತೆ, ಸುಕ್ಕು ಹಾಗೆ ಬಿದ್ದಿದೆ. ಹತ್ತಿರ ಹೋದರೆ ಒಂದೊಂದು ಸುಕ್ಕೂ ಬರೀ ಚುಕ್ಕಿ. ಕಲ್ಲಿನ ತರಿಯ ಮೇಲೆ ಕ್ರೇಯಾನ್ ಎಲ್ಲಿ ತಾಗಿತೋ ಅಲ್ಲಿ ಕಪ್ಪು, ತಾಗದ ಕಡೆ ಕಾಗದ. ರಾಶಿಯ ನೆರಳಿನಲ್ಲಿ ಕಪ್ಪು ದಟ್ಟವಾಗಿದೆ. ಆ ಕಪ್ಪಿನೊಳಗೂ ಸಣ್ಣ ಸಣ್ಣ ಬಿಳಿ ತೂತುಗಳು ತೆರೆದೇ ಇವೆ. ಉಸಿರಾಡುವ ಕಪ್ಪು ಅದು.

ಆ ತೂತುಗಳು ಮುಚ್ಚಿಕೊಳ್ಳದೆ ಉಳಿದದ್ದು ಅಣ್ಣನ ರೋಲರ್‌ನಿಂದ.

ಕಲ್ಲಚ್ಚು, ಅಂದರೆ ಲಿಥೋ, ಗೊತ್ತಿಲ್ಲದವರಿಗೆ ಸ್ವಲ್ಪ ವಿವರಿಸುತ್ತೇನೆ. ಇದಕ್ಕೆ ಬೇಕಾದದ್ದು ನಯವಾದ ಸುಣ್ಣಕಲ್ಲಿನ ದಪ್ಪ ಚಪ್ಪಡಿ. ಜರ್ಮನಿಯ ಬವೇರಿಯಾದ ಸೋಲ್ನ್‌ಹೋಫನ್ ಕಲ್ಲು ಹೆಸರುವಾಸಿ. ಅದೇ ಬವೇರಿಯಾದಲ್ಲಿ 1796ರ ಸುಮಾರಿಗೆ ಅಲೋಯ್ಸ್ ಸೆನೆಫೆಲ್ಡರ್ ಈ ವಿಧಾನ ಕಂಡುಹಿಡಿದದ್ದು. ಜಿಡ್ಡಿಗೂ ನೀರಿಗೂ ಆಗಿಬರಲ್ಲ ಅನ್ನುವುದೇ ಇದರ ಗುಟ್ಟು. ಜಿಡ್ಡಿನ ಕ್ರೇಯಾನಿನಲ್ಲಿ ಕಲ್ಲಿನ ಮೇಲೆ ಬರೆಯುತ್ತೇವೆ. ಗೋಂದಿಗೆ ಕೆಲವು ಹನಿ ನೈಟ್ರಿಕ್ ಆಸಿಡ್ ಬೆರೆಸಿ ಬಳಿಯುತ್ತೇವೆ. ಆಮೇಲೆ ಕಲ್ಲನ್ನು ಒದ್ದೆ ಮಾಡಿ ರೋಲರ್ ಉರುಳಿಸಿದರೆ ಬರೆದ ಕಡೆ ಇಂಕು ಹಿಡಿಯುತ್ತೆ, ಖಾಲಿ ಜಾಗ ನೀರು ಹಿಡಿದುಕೊಂಡು ಇಂಕನ್ನು ಹತ್ತಿರ ಬಿಡಲ್ಲ. ಕಾಗದ ಹಾಸಿ, ಮೇಲೆ ಗ್ರೀಸ್ ಬಳಿದ ಹಾಳೆ ಇಟ್ಟು, ಪ್ರೆಸ್ ಹಿಡಿಕೆ ತಿರುಗಿಸಿದರೆ ಪ್ರಿಂಟ್.

ಓದಲು ಸುಲಭ. ಬೇಸಿಗೆಯಲ್ಲಿ ಮಾಡಿ ನೋಡಬೇಕು. ಕಲ್ಲು ಕಣ್ಣೆದುರೇ ಒಣಗುತ್ತೆ. ಒಂದು ಮೂಲೆ ಒಣಗಿತು ಅಂದರೆ ರೋಲರ್ ಬಂದ ತಕ್ಷಣ ಅಲ್ಲಿ ಇಂಕು ಕಚ್ಚಿಕೊಳ್ಳುತ್ತೆ, ತಿಂಗಳುಗಟ್ಟಲೆ ಕೂತು ಬರೆದದ್ದು ಕೊಳೆಯಾಗುತ್ತೆ. ನೀರು ಜಾಸ್ತಿಯಾದರೂ ಕಷ್ಟ, ಇಂಕು ಸರಿಯಾಗಿ ಕೂರಲ್ಲ. ಅದಕ್ಕೇ ದೊಡ್ಡ ಕಲ್ಲಿಗೆ ಇಬ್ಬರು ಬೇಕು. ಒಬ್ಬರು ಸ್ಪಂಜ್, ಒಬ್ಬರು ರೋಲರ್. ಇಬ್ಬರ ಕೈ ಒಂದರ ಹಿಂದೆ ಒಂದು ಹೋಗಬೇಕು. ಮಾತಾಡಲು ಪುರುಸೊತ್ತಿಲ್ಲ, ಕಣ್ಣಲ್ಲೇ ಮಾತು.

ಅಣ್ಣ ಕಲಾ ಕಾಲೇಜಿನಲ್ಲಿ ಓದಿದವರಲ್ಲ. ಮೊದಲು ಚಿಕ್ಕಪೇಟೆ ಕಡೆ ಮದುವೆ ಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನಲ್ಲಿದ್ದರು. ಲಿಥೋ ಕಲಿತದ್ದು ಇಲ್ಲಿಗೆ ಬಂದ ಮೇಲೆ, ನೋಡಿ ನೋಡಿ. ಇಂಕ್ ಹರಡಿದ ಗಾಜಿನ ಮೇಲೆ ರೋಲರ್ ಓಡುವ ಸದ್ದು ಕೇಳಿಯೇ “ಜಾಸ್ತಿ ಆಯ್ತು, ಒಂಚೂರು ತೆಗಿ” ಅನ್ನುತ್ತಾರೆ, ಬೆನ್ನು ತಿರುಗಿಸಿಕೊಂಡೇ. ರೋಲರ್ ನಿಧಾನಕ್ಕೆ ಒತ್ತಿ ಉರುಳಿಸಿದರೆ ಕಲ್ಲಿಗೆ ಇಂಕು ಇಳಿಯುತ್ತೆ, ಬೇಗ ಹಗುರವಾಗಿ ಓಡಿಸಿದರೆ ಇಂಕು ಮೇಲೆದ್ದು ಬರುತ್ತೆ. ಅವ್ವನ ಮುಖಕ್ಕೆ ಬಂದಾಗ ಅಣ್ಣನ ಕೈ ಹಗುರಾಗುತ್ತಿತ್ತು. ರಾಶಿಯ ನೆರಳಿಗೆ ಬಂದಾಗ ಇಳಿಸಿ, ಕೊನೆಗೆ ಎರಡು ಸಲ ಬೇಗ ಓಡಿಸಿ ಎತ್ತುತ್ತಿದ್ದರು. ನಾನು ಕಾಗದ ಕೊಡಲು ಪಕ್ಕದಲ್ಲಿದ್ದೆ, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ಪ್ರಶ್ನೆ ಕೇಳಿದ್ದೇ ತಪ್ಪು ಅಂತ ನಾನು ಹೇಳಲ್ಲ. ಪ್ರಿಂಟ್‌ಮೇಕಿಂಗ್‌ನಲ್ಲಿ ಪಿ.ಜಿ. ಮಾಡುವವರಿಗೆ ಪ್ರಿಂಟ್ ತೆಗೆಯಲು ಬರಬೇಕು. ಅಕ್ಕನಿಗೆ ಬರುತ್ತೆ. ಅದೇ ಗೋಡೆಯ ಮೇಲಿದ್ದ ಎಚಿಂಗ್‌ಗಳು (ಲೋಹದ ಪ್ಲೇಟನ್ನು ಆಸಿಡ್‌ನಲ್ಲಿ ಕೊರೆದು ತೆಗೆಯುವ ಪ್ರಿಂಟ್), ಸಣ್ಣ ಕಲ್ಲಿನ ಪ್ರಿಂಟ್‌ಗಳು ಎಲ್ಲಾ ಅವಳೇ ತೆಗೆದದ್ದು. ದೊಡ್ಡ ಕಲ್ಲನ್ನೂ ಅವಳೇ ಗ್ರೇನಿಂಗ್ ಮಾಡಿದಳು, ಅಂದರೆ ಉಜ್ಜಿ ತರಿ ಬರಿಸಿದಳು. ಕಾರ್ಬೊರಂಡಮ್ ಪುಡಿ ಹಾಕಿ, ನೀರು ಚಿಮುಕಿಸಿ, ಹಳೆಯ ಚಿತ್ರ ಪೂರ್ತಿ ಹೋಗುವವರೆಗೆ ಉಜ್ಜಿದಳು, ಭುಜ ಬಿದ್ದುಹೋಗುವಷ್ಟು. ಪರೀಕ್ಷಕರು ಅದನ್ನೂ ಕೇಳಬಹುದಿತ್ತು.

ಅವರು ಬಂದ ದಾರಿಯೂ ನನಗೆ ಅರ್ಥವಾಗುತ್ತೆ. ಅವರದು ಎಚಿಂಗ್, ತಾಮ್ರ ಮತ್ತು ಝಿಂಕ್. ಪ್ಯಾರಿಸ್ಸಿನ ‘ಅಟೆಲಿಯೇ 17’ ಅನ್ನುವ ಪ್ರಿಂಟ್ ಸ್ಟುಡಿಯೋದಲ್ಲಿ, ಅದನ್ನು ಕಟ್ಟಿದ ಕಲಾವಿದ ಹೇಟರ್ ಕಲಿಸಿದ ಪಾಠವೇ ಅದು. ಕಲಾವಿದ ತಾನೇ ಪ್ಲೇಟಿನ ಜೊತೆ ಗುದ್ದಾಡಬೇಕು, ಬೇರೆಯವರಿಗೆ ಕೊಟ್ಟು ಕೂರಬಾರದು. ಚಿತ್ತೂರು ಕಡೆಯಿಂದ ಹೋದ ಕೃಷ್ಣ ರೆಡ್ಡಿ ಅಲ್ಲೇ ಕೆಲಸ ಮಾಡಿ, ಇಂಕಿನ ಜಿಗುಟು ಹೆಚ್ಚು ಕಮ್ಮಿ ಮಾಡಿಕೊಂಡು ಒಂದೇ ಪ್ಲೇಟಿನಲ್ಲಿ ಹಲವು ಬಣ್ಣ ತೆಗೆಯುವ ವಿಧಾನ ಬೆಳೆಸಿದರು. ಅವರ ಪ್ರಿಂಟ್ ನೋಡಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತೆ. ಆ ದಾರಿ ದೊಡ್ಡದು. ಆದರೆ ಅದೊಂದೇ ದಾರಿ ಅಲ್ಲವಲ್ಲ.

1960ರಲ್ಲಿ ಜೂನ್ ವೇನ್ ಅನ್ನುವ ಕಲಾವಿದೆ ಲಾಸ್ ಏಂಜಲೀಸ್‌ನಲ್ಲಿ ಟ್ಯಾಮರಿಂಡ್ ಅಂತ ಲಿಥೋ ಸ್ಟುಡಿಯೋ ಶುರು ಮಾಡಿದರು. ಅಮೆರಿಕದಲ್ಲಿ ಆಗ ಕಲ್ಲಿನಿಂದ ಕಲಾವಿದರಿಗೆ ಪ್ರಿಂಟ್ ತೆಗೆದುಕೊಡುವವರೇ ಇಲ್ಲವಾಗುತ್ತಿದ್ದರು. ಹಾಗಾಗಿ ಆಕೆ ಕಲಾವಿದರ ಜೊತೆಗೆ ಪ್ರಿಂಟರ್‌ಗಳನ್ನೂ ತಯಾರು ಮಾಡಿದರು. ಅಲ್ಲಿನ ಪ್ರಿಂಟ್ ಮೇಲೆ ಸ್ಟುಡಿಯೋದ ಮುದ್ರೆ ಇರುತ್ತೆ, ತೆಗೆದುಕೊಟ್ಟ ಪ್ರಿಂಟರ್‌ನ ಮುದ್ರೆಯೂ ಇರುತ್ತೆ. ಇಂಕಿಲ್ಲದೆ ಕಾಗದದಲ್ಲೇ ಒತ್ತಿದ ಸಣ್ಣ ಗುರುತು. ಹಳೆಯ ಯುರೋಪಿನ ಎನ್‌ಗ್ರೇವಿಂಗ್‌ಗಳಲ್ಲೂ (ಲೋಹದ ಪ್ಲೇಟಿನಲ್ಲಿ ಕೆತ್ತಿ ತೆಗೆದ ಪ್ರಿಂಟ್) ಚಿತ್ರದ ಕೆಳಗೆ ಎಡಕ್ಕೆ ಚಿತ್ರಕಾರನ ಹೆಸರು, ಬಲಕ್ಕೆ ಕೆತ್ತಿದವನ ಹೆಸರು ಹಾಕುತ್ತಿದ್ದರು. ಇಬ್ಬರ ಹೆಸರು ಬಂದರೆ ಯಾರ ಗೌರವವೂ ಕಮ್ಮಿಯಾಗಲ್ಲ ಅಂತ ಅವರಿಗೆ ಗೊತ್ತಿತ್ತು.

ನಾವು ಈಗ ಏನು ಮಾಡುತ್ತೇವೆ? ಪೆನ್ಸಿಲ್‌ನಲ್ಲಿ ಎಡಕ್ಕೆ ಎಡಿಷನ್ ನಂಬರ್ (ಎಷ್ಟು ಪ್ರತಿಗಳಲ್ಲಿ ಇದು ಎಷ್ಟನೆಯದು ಅಂತ), ನಡುವೆ ಚಿತ್ರದ ಹೆಸರು, ಬಲಕ್ಕೆ ಕಲಾವಿದರ ಸಹಿ. ಅಲ್ಲಿಗೆ ಮುಗಿಯಿತು.

ಜಪಾನಿನ ಕಲಾವಿದ ಹೊಕುಸಾಯಿಯ ‘ದೊಡ್ಡ ಅಲೆ’ ಚಿತ್ರ ಟೀ ಶರ್ಟ್ ಮೇಲೂ ಇದೆ, ಫೋನ್ ಕವರ್ ಮೇಲೂ ಇದೆ. 1831ರ ಸುಮಾರಿನ ಕೆಲಸ. ಆ ಕಾಲದ ಜಪಾನಿನಲ್ಲಿ ಬರೆಯುವವರು ಬೇರೆ, ಮರದಲ್ಲಿ ಕೆತ್ತುವವರು ಬೇರೆ, ಅಚ್ಚು ತೆಗೆಯುವವರು ಬೇರೆ. ಅಲೆಯ ತುದಿಯ ಆ ಉಗುರಿನಂಥ ನೊರೆಯನ್ನು ಮರದಲ್ಲಿ ಬಿಡಿಸಿದ ಕೈ ಹೊಕುಸಾಯಿಯದಲ್ಲ. ಚಿತ್ರದ ಮೇಲಿರುವ ಸಹಿ ಮಾತ್ರ ಅವನದು.

ನಮ್ಮ ಮನೆಗಳಿಗೆ ಬನ್ನಿ. ರವಿವರ್ಮನ ಲಕ್ಷ್ಮಿ, ಸರಸ್ವತಿ ಎಷ್ಟು ದೇವರಕೋಣೆಗಳಲ್ಲಿದ್ದಾರೆ! ಅವನ ಪ್ರೆಸ್ 1894ರಲ್ಲಿ ಮುಂಬೈಯಲ್ಲಿ ಶುರುವಾಗಿ, ಆಮೇಲೆ ಲೋನಾವಳ ಹತ್ತಿರದ ಮಳವ್ಲಿಗೆ ಹೋಯಿತು. ಜರ್ಮನಿಯಿಂದ ತಂತ್ರಜ್ಞರು ಬಂದಿದ್ದರು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಲಕ್ಷ್ಮಿಯ ಕೆನ್ನೆಯ ಗುಲಾಬಿಯನ್ನು ಕಲ್ಲಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಇಟ್ಟವರಿಗೂ ನಾವು ಕೈ ಮುಗಿಯುತ್ತಿದ್ದೇವೆ, ಗೊತ್ತಿಲ್ಲದೆ. ಕನ್ನಡದ ಮೊದಲ ಪತ್ರಿಕೆಯೂ ಹಾಗೇ ಅಲ್ವಾ? 1843ರ ಜುಲೈ 1ರಂದು ಮಂಗಳೂರಿನಲ್ಲಿ ಬಂದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲೇ ಆದದ್ದು. ಪ್ರತಿ ವರ್ಷ ಪತ್ರಿಕಾ ದಿನದ ಭಾಷಣಗಳಲ್ಲಿ ಅದರ ಸಂಪಾದಕ ಹರ್ಮನ್ ಮೊಗ್ಲಿಂಗ್ ಹೆಸರು ಬರುತ್ತೆ, ಬರಲೇಬೇಕು. ಆ ಕಲ್ಲಿಗೆ ನೀರು ಹಚ್ಚಿ ಇಂಕು ಉರುಳಿಸಿದವರ ಮಾತು ನಾನು ಯಾವ ಭಾಷಣದಲ್ಲೂ ಕೇಳಿಲ್ಲ.

ಅಕ್ಕ ಇದನ್ನೆಲ್ಲ ಯೋಚಿಸಿ ಉತ್ತರ ಕೊಟ್ಟಳು ಅಂತ ಅಲ್ಲ. ಸಂಜೆ ಕ್ಯಾಂಟೀನಿನಲ್ಲಿ ಕೇಳಿದೆ. “ಇದ್ದದ್ದು ಹೇಳೀನಿ, ಅದ್ರಾಗೇನೈತಿ?” ಅಂದಳು. ಸ್ವಲ್ಪ ಹೊತ್ತು ಸುಮ್ನಿದ್ದು, “ನಮ್ಮವ್ವ ತೊಟ್ಟು ಬಿಡಿಸಿದ ಕಾಯಿ ಎಲ್ಲೆಲ್ಲೋ ಹೋಗ್ತಾವ. ಆಕಿ ಹೆಸರು ಯಾವ ಚೀಲದ ಮ್ಯಾಲೂ ಇರೂದಿಲ್ಲ. ನಾ ಅದನ್ನ ಚಿತ್ರ ಮಾಡಿ, ಅಣ್ಣನ ಹೆಸರು ನುಂಗಿದ್ರ ಹೆಂಗ?” ಅಂದಳು.

ಅವಳಿಗಿಂತ ಮುಂಚೆ ಅದೇ ಪ್ರಶ್ನೆಗೆ “ನಾನೇ ಸರ್” ಅಂದವರಿದ್ದರು. ಅವರ ಪ್ರಿಂಟ್ ತೆಗೆದ ದಿನವೂ ನಾನು ಸ್ಟುಡಿಯೋದಲ್ಲಿದ್ದೆ, ರೋಲರ್ ಅಣ್ಣನ ಕೈಯಲ್ಲೇ ಇತ್ತು. ಪರೀಕ್ಷಕರು ತಲೆಯಾಡಿಸಿ “ಗುಡ್” ಅಂದರು. ಸುಳ್ಳಿಗೆ ಗುಡ್, ನಿಜಕ್ಕೆ ಮೌನ. ಇದು ನನ್ನನ್ನು ಕೊರೆಯುತ್ತಿದೆ. ಹಾಗೆ ಹೇಳಿದವರನ್ನೂ ನಾನು ಪೂರ್ತಿ ಬೈಯಲಾರೆ. ಇನ್ನೊಬ್ಬರ ಕೈ ಸೇರಿದರೆ ಮಾರ್ಕ್ಸ್ ಹೋಗುತ್ತೆ ಅಂತ ಅವರಿಗೆ ಯಾರೋ ಕಲಿಸಿದ್ದಾರೆ. ಕಲಿಸಿದವರು ನಮ್ಮ ಮೇಷ್ಟ್ರುಗಳೇ. ಲಿಥೋ ಸ್ಟುಡಿಯೋ ಬೇಕು, ಅಣ್ಣನೂ ಬೇಕು, ಲೇಬಲ್ ಮೇಲೆ ಮಾತ್ರ ಒಬ್ಬರೇ ಬೇಕು ಅಂದರೆ ಅದು ಅನ್ಯಾಯ.

ನಮ್ಮ ಸೆಮಿಸ್ಟರ್ ಡಿಸ್‌ಪ್ಲೇ ಮುಂದಿನ ತಿಂಗಳು. ನಿನ್ನೆ ಆಫೀಸಿಗೆ ಹೋಗಿ ಲೇಬಲ್‌ನಲ್ಲಿ ಪ್ರಿಂಟರ್ ಹೆಸರು ಹಾಕಬಹುದಾ ಅಂತ ಕೇಳಿದೆ. ಫಾರ್ಮ್ಯಾಟ್‌ನಲ್ಲಿ ಆ ಕಾಲಂ ಇಲ್ಲ ಅಂದರು. ಮಾಧ್ಯಮ ಅನ್ನುವ ಕಾಲಂ ಇದೆಯಲ್ಲ, ‘ಕಲ್ಲಚ್ಚು’ ಅಂತ ಬರೆದು ಪಕ್ಕದಲ್ಲೇ ‘ಮುದ್ರಣ’ ಅಂತ ಅಣ್ಣನ ಹೆಸರು ಬರೀತೀನಿ. ಅವರಿಗೆ ಒಪ್ಪಿಗೆಯಾ ಅಂತ ಕೇಳಲು ಹೋದೆ. ರೋಲರ್ ಒರೆಸುತ್ತಿದ್ದರು. ತಲೆ ಎತ್ತದೆ ಕೇಳಿಸಿಕೊಂಡರು. ಏನೂ ಹೇಳಲ್ಲ ಅಂದುಕೊಂಡು ತಿರುಗಿದೆ.

“ಇನಿಶಿಯಲ್ ಸೇರಿಸಿ ಬರಿಯಮ್ಮ,” ಅಂದರು. “ಅದೇ ಹೆಸರಿನವರು ಆಫೀಸಲ್ಲಿ ಇನ್ನೊಬ್ಬರು ಇದ್ದಾರೆ.”